ಕೆಲಸದ ನಡುವೆ ಕಣ್ಣಿಗೆ ಬಿದ್ದ ಮೇಲ್: ಸಿಸ್ಟಮ್ ಅಡ್ಮಿನ್ ಯಾರಿಗೆ ತಿಳಿಸಬೇಕು, ಎಷ್ಟು ತಿಳಿಸಬೇಕು?

ಪ್ರಶ್ನೆ: ಸರ್ವರ್_ಕೋಣೆ, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ವಾಹನಗಳ ಬಿಡಿಭಾಗ ತಯಾರಿಸುವ ಮಧ್ಯಮ ಗಾತ್ರದ ಖಾಸಗಿ ಕಂಪನಿಯೊಂದರಲ್ಲಿ ನಾನು ಸಿಸ್ಟಮ್ ಅಡ್ಮಿನ್. ಮೇಲ್ ಸರ್ವರ್, ಬ್ಯಾಕಪ್, ನೆಟ್‌ವರ್ಕ್ ಎಲ್ಲವೂ ನನ್ನ ಮತ್ತು ಇನ್ನೊಬ್ಬ ಸಹೋದ್ಯೋಗಿಯ ಉಸ್ತುವಾರಿಯಲ್ಲಿವೆ. ನಮ್ಮಿಬ್ಬರ ಮೇಲೆ ಐಟಿ ಮ್ಯಾನೇಜರ್ ಒಬ್ಬರಿದ್ದಾರೆ. ಕಂಪನಿಯ ಯಾವ ನೌಕರರ ಮೇಲ್‌ಬಾಕ್ಸನ್ನಾದರೂ ತೆರೆಯುವ ಅಧಿಕಾರ ತಾಂತ್ರಿಕವಾಗಿ ನಮಗಿದೆ. ಯಾವಾಗ ತೆರೆಯಬಹುದು, ಯಾವಾಗ ಕೂಡದು ಎಂದು ಹೇಳುವ ಲಿಖಿತ ನಿಯಮ ಮಾತ್ರ ಇಲ್ಲ. ನೇಮಕಾತಿ ಪತ್ರದಲ್ಲಿ ಕಂಪನಿಯ ಕಂಪ್ಯೂಟರ್ ಮತ್ತು ಇ-ಮೇಲ್ ಕಂಪನಿಯ ಸ್ವತ್ತು, ಅವುಗಳ ಬಳಕೆಯನ್ನು ಪರಿಶೀಲಿಸುವ ಹಕ್ಕು ಕಂಪನಿಗಿದೆ ಎಂಬ ಒಂದೇ ಒಂದು ಸಾಲಿದೆ.

ಇತ್ತೀಚೆಗೆ ಪರ್ಚೇಸ್ ವಿಭಾಗದ ಅಧಿಕಾರಿಯೊಬ್ಬರು ತಮಗೆ ಬರಬೇಕಾದ ಕೊಟೇಶನ್ ಬಂದಿಲ್ಲವೆಂದು ಟಿಕೆಟ್ (ಐಟಿ ವಿಭಾಗಕ್ಕೆ ಸಹಾಯದ ಕೋರಿಕೆ) ಹಾಕಿದರು. ಹುಡುಕಿದಾಗ ಆ ಮೇಲ್ ಕ್ವಾರಂಟೈನ್‌ನಲ್ಲಿ, ಅಂದರೆ ಅನುಮಾನಾಸ್ಪದ ಮೇಲ್‌ಗಳನ್ನು ತಡೆದಿಡುವ ಜಾಗದಲ್ಲಿ, ಸಿಕ್ಕಿಕೊಂಡಿತ್ತು. ಲಗತ್ತಿಸಿದ ಎಕ್ಸೆಲ್ ಕಡತದಲ್ಲಿ ಮ್ಯಾಕ್ರೋ (ಕಡತದೊಳಗೇ ಅಡಕವಾದ ಪುಟ್ಟ ಪ್ರೋಗ್ರಾಮ್) ಇದ್ದುದರಿಂದ ಫಿಲ್ಟರ್ ಅದನ್ನು ತಡೆದಿತ್ತು. ಬಿಡುಗಡೆ ಮಾಡುವ ಮುನ್ನ ಮೇಲ್ ಅಸಲಿಯೋ ವಂಚಕರದೋ ಎಂದು ನೋಡುವುದು ನಮ್ಮ ದಿನನಿತ್ಯದ ಕ್ರಮವಾದ್ದರಿಂದ ಪ್ರಿವ್ಯೂ ತೆರೆದೆ. ಇನ್ನಿಬ್ಬರು ಸಪ್ಲೈಯರ್‌ಗಳ ದರವನ್ನು ಮುಂಚಿತವಾಗಿ ತಿಳಿಸಿದ್ದಕ್ಕೆ ಕೃತಜ್ಞತೆ, ಅದಕ್ಕಿಂತ ತುಸು ಕೆಳಗೆ ನಮ್ಮ ದರ ಇಟ್ಟಿದ್ದೇವೆ, ‘ಹಿಂದಿನಂತೆಯೇ’ ಎರಡು ಪರ್ಸೆಂಟ್ ಮನೆಯವರ ಖಾತೆಗೆ ಬರುತ್ತದೆ ಎಂದು ಅದರಲ್ಲಿ ಬರೆದಿತ್ತು. ಓದದೆ ಇರಲು ಸಾಧ್ಯವಿರಲಿಲ್ಲ, ಇಡೀ ಮೇಲ್ ನಾಲ್ಕು ಸಾಲಿನದು.

ಮ್ಯಾನೇಜರ್‌ಗೆ ಬಾಯಿಮಾತಿನಲ್ಲಿ ತಿಳಿಸಿದಾಗ ಅವರು, “ನಮ್ಮ ಕೆಲಸ ಮೇಲ್ ತಲುಪಿಸುವುದು, ಓದುವುದಲ್ಲ, ನೋಡಿಲ್ಲವೆಂದುಕೊಂಡು ಬಿಟ್ಟುಬಿಡಿ” ಎಂದರು. ಸಹೋದ್ಯೋಗಿಯ ಸಲಹೆ ಇದಕ್ಕೆ ತೀರಾ ವಿರುದ್ಧ: ಆ ಅಧಿಕಾರಿಯ ಮೇಲ್‌ಬಾಕ್ಸ್‌ನಲ್ಲಿ ಸಪ್ಲೈಯರ್‌ನ ಹೆಸರು ಹಾಕಿ ಹುಡುಕಿ, ಹಳೆಯ ಮೇಲ್‌ಗಳನ್ನೂ ಒಟ್ಟುಗೂಡಿಸಿ, ಪೂರ್ತಿ ಸಾಕ್ಷ್ಯದೊಂದಿಗೆ ಎಂ.ಡಿ. ಅವರ ಮುಂದಿಡಬೇಕು ಎನ್ನುತ್ತಾರೆ. ಇಬ್ಬರ ಮಾತೂ ನನಗೆ ಸಮಾಧಾನ ತಂದಿಲ್ಲ. ಇನ್ನೊಬ್ಬರ ಪತ್ರದಲ್ಲಿದ್ದುದನ್ನು ಹೊರಗೆ ಹೇಳುವುದು ನನ್ನ ವೃತ್ತಿಗೆ ದ್ರೋಹವೇ, ಅಥವಾ ಹೇಳದೆ ಇರುವುದು ಸಂಬಳ ಕೊಡುವ ಸಂಸ್ಥೆಗೆ ದ್ರೋಹವೇ? ತಿಳಿಸಲೇಬೇಕೆಂಬ ಕಾನೂನು ಇದೆಯೇ? ತಿಳಿಸುವುದಾದರೆ ಯಾರಿಗೆ, ಯಾವ ರೂಪದಲ್ಲಿ? ಈ ಕೆಲಸದಲ್ಲಿ ಅನುಭವವಿರುವವರು, ಕಾನೂನು ಬಲ್ಲವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಉತ್ತರ: ಹಳೆಯ_ಅಡ್ಮಿನ್, ಮಂಗಳೂರು

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸುತ್ತೇನೆ: ನೀವು ಆ ಮೇಲ್ ನೋಡಿದ್ದರಲ್ಲಿ ಯಾವ ತಪ್ಪೂ ಇಲ್ಲ. ಸ್ವೀಕರಿಸಬೇಕಾದವರೇ ಟಿಕೆಟ್ ಹಾಕಿ ಹುಡುಕಿಕೊಡಿ ಎಂದಿದ್ದಾರೆ, ಫಿಲ್ಟರ್ ತಡೆದ ಕಾರಣವನ್ನು ಪರೀಕ್ಷಿಸುವುದು ನಿಮ್ಮ ಕರ್ತವ್ಯ, ಅದಕ್ಕೆ ಬೇಕಾದಷ್ಟನ್ನೇ ನೀವು ತೆರೆದಿದ್ದೀರಿ. ಕಂಪ್ಯೂಟರ್ ವೃತ್ತಿಪರರ ಸಂಘಟನೆಗಳಾದ ಯೂಸ್‌ನಿಕ್ಸ್ ಮತ್ತು ಲೋಪ್ಸಾ ಸಿಸ್ಟಮ್ ಅಡ್ಮಿನ್‌ಗಳಿಗಾಗಿ ಪ್ರಕಟಿಸಿರುವ ವೃತ್ತಿ ನೀತಿಸಂಹಿತೆಯಲ್ಲಿ ಖಾಸಗಿತನದ ಕುರಿತು ಇರುವುದು ಮುಖ್ಯವಾಗಿ ಎರಡೇ ಮಾತು. ತಾಂತ್ರಿಕ ಕೆಲಸಕ್ಕೆ ಅಗತ್ಯವಿದ್ದಾಗ ಮಾತ್ರ ಖಾಸಗಿ ಮಾಹಿತಿಯನ್ನು ನೋಡಬೇಕು. ಹೇಗೇ ತಿಳಿದುಬಂದ ಮಾಹಿತಿಯಾದರೂ ಅದರ ಗೋಪ್ಯತೆಯನ್ನು ಕಾಪಾಡಬೇಕು. ಮೊದಲನೆಯದನ್ನು ನೀವು ಪಾಲಿಸಿದ್ದೀರಿ. ಎರಡನೆಯದರ ಅರ್ಥ ಯಾರಿಗೂ ಏನನ್ನೂ ಹೇಳಕೂಡದು ಎಂದಲ್ಲ. ಅದನ್ನು ತಿಳಿಯಬೇಕಾದ ಅಧಿಕಾರವಿರುವ ಒಬ್ಬರಿಗೆ ಮಾತ್ರ ಹೇಳಿ, ಉಳಿದ ಎಲ್ಲರ ವಿಷಯದಲ್ಲೂ ಬಾಯಿ ಮುಚ್ಚಿಕೊಂಡಿರಬೇಕು ಎಂದು. ಮಧ್ಯಾಹ್ನದ ಊಟದ ಮೇಜಿನ ಬಳಿ ಈ ವಿಷಯ ಬರಕೂಡದು. ಸಹೋದ್ಯೋಗಿಗೆ ಹೇಳಿದ್ದು ಕೂಡ ಅಷ್ಟಕ್ಕೇ ನಿಲ್ಲಲಿ.

ನಿಮ್ಮ ಸಹೋದ್ಯೋಗಿಯ ಸಲಹೆಯನ್ನು ದಯವಿಟ್ಟು ಪಾಲಿಸಬೇಡಿ. ಕೆಲಸ ಮಾಡುವಾಗ ಕಣ್ಣಿಗೆ ಬೀಳುವುದು ಬೇರೆ, ಹುಡುಕಿಕೊಂಡು ಹೋಗುವುದು ಬೇರೆ. ಆ ಮೇಲ್‌ಬಾಕ್ಸ್‌ನಲ್ಲಿ ನೀವು ಸಪ್ಲೈಯರ್‌ನ ಹೆಸರು ಟೈಪ್ ಮಾಡಿದ ಕ್ಷಣದಿಂದ ನೀವು ಅಡ್ಮಿನ್ ಆಗಿ ಉಳಿಯದೆ, ಯಾರೂ ನೇಮಿಸದ ತನಿಖಾಧಿಕಾರಿಯಾಗುತ್ತೀರಿ. ಮೈಕ್ರೋಸಾಫ್ಟ್ 365 ಆಗಲಿ ಗೂಗಲ್ ವರ್ಕ್‌ಸ್ಪೇಸ್ ಆಗಲಿ, ಅಡ್ಮಿನ್ ನಡೆಸಿದ ಹುಡುಕಾಟವನ್ನೂ ಆಡಿಟ್ ಲಾಗ್‌ನಲ್ಲಿ ಬರೆದಿಡುವ ವ್ಯವಸ್ಥೆ ಹೊಂದಿವೆ. ನಾಳೆ ವಿಚಾರಣೆ ನಡೆದಾಗ ಆ ಅಧಿಕಾರಿಯ ಪರ ವಾದಿಸುವವರು ಮೊದಲು ಕೇಳುವುದೇ ಆ ಲಾಗನ್ನು. ಯಾರ ಅನುಮತಿಯಿಂದ ಹುಡುಕಿದಿರಿ ಎಂಬ ಪ್ರಶ್ನೆಗೆ ನಿಮ್ಮಲ್ಲಿ ಉತ್ತರ ಇಲ್ಲದಿದ್ದರೆ, ಕಮಿಷನ್ ವಿಷಯ ಹಿಂದೆ ಸರಿದು ನಿಮ್ಮ ನಡತೆಯೇ ವಿಚಾರಣೆಯ ವಿಷಯವಾಗುತ್ತದೆ. ಅದಲ್ಲದೆ, ಹುಡುಕಾಟದಲ್ಲಿ ಸಿಗುವುದು ಸಪ್ಲೈಯರ್‌ನ ಮೇಲ್‌ಗಳಷ್ಟೇ ಅಲ್ಲ. ಅದೇ ಹೆಸರಿನ ಆಸ್ಪತ್ರೆ ಬಿಲ್ಲು, ಸಾಲದ ಪತ್ರ, ಮನೆಯ ಜಗಳ ಏನು ಬೇಕಾದರೂ ಸಿಗಬಹುದು. ಒಮ್ಮೆ ಓದಿದ್ದನ್ನು ಓದಿಲ್ಲವೆನ್ನಲು ಬರುವುದಿಲ್ಲ.

ಹಾಗೆಂದು ನಿಮ್ಮ ಮ್ಯಾನೇಜರ್ ಹೇಳಿದಂತೆ ಕೈಕಟ್ಟಿ ಕೂರುವುದೂ ಸರಿಯಲ್ಲ, ಏಕೆಂದರೆ ಕ್ವಾರಂಟೈನ್‌ಗೆ ಅವಧಿಯಿದೆ. ಬಹುತೇಕ ವ್ಯವಸ್ಥೆಗಳಲ್ಲಿ ಅದು ಹೆಚ್ಚೆಂದರೆ 30 ದಿನ. ಆಮೇಲೆ ಮೇಲ್ ತಾನಾಗಿಯೇ ಅಳಿಸಿಹೋಗುತ್ತದೆ. ಮೊದಲು ನೀವು ಮಾಡಬೇಕಾದದ್ದು ಟಿಕೆಟ್‌ನಲ್ಲಿ ತಾಂತ್ರಿಕ ಸಂಗತಿಗಳನ್ನಷ್ಟೇ ದಾಖಲಿಸುವುದು: ಟಿಕೆಟ್ ಸಂಖ್ಯೆ, ಮೆಸೇಜ್ ಐಡಿ, ಫಿಲ್ಟರ್ ತಡೆದ ಕಾರಣ, ಪ್ರಿವ್ಯೂ ತೆರೆದ ದಿನಾಂಕ ಮತ್ತು ಸಮಯ, ಬಿಡುಗಡೆ ಮಾಡಿದ್ದರೆ ಅದರ ಸಮಯ. ಮೇಲ್‌ನಲ್ಲಿ ಏನಿತ್ತು ಎಂಬುದು ಟಿಕೆಟ್‌ನಲ್ಲಿ ಬರಬಾರದು, ಅದನ್ನು ಹತ್ತು ಜನ ಓದುತ್ತಾರೆ. ಮೇಲನ್ನು ನಿಮ್ಮ ಸ್ವಂತ ಜಿಮೇಲ್‌ಗೆ ಕಳುಹಿಸಿಕೊಳ್ಳಬೇಡಿ, ಪೆನ್‌ಡ್ರೈವ್‌ಗೆ ಹಾಕಿಕೊಳ್ಳಬೇಡಿ, ಮೊಬೈಲ್‌ನಲ್ಲಿ ಪರದೆಯ ಫೋಟೋ ತೆಗೆಯಬೇಡಿ. ಮೇಲನ್ನು ಅಳಿಯದಂತೆ ಹಿಡಿದಿಡುವ ಸೌಲಭ್ಯ ಸರ್ವರ್‌ನಲ್ಲೇ ಇರುತ್ತದೆ. ಅದನ್ನು ಚಾಲೂ ಮಾಡಲು ಅಧಿಕಾರವಿರುವವರಿಂದ ಲಿಖಿತ ಆದೇಶ ಪಡೆಯಿರಿ. ಇಂಥದೊಂದು ಸಂಗತಿ ಕೆಲಸದ ನಡುವೆ ಗಮನಕ್ಕೆ ಬಂತು, ಮೇಲ್ ಇಂಥ ದಿನ ಅಳಿಸಿಹೋಗಲಿದೆ, ಮುಂದಿನ ಕ್ರಮದ ಬಗ್ಗೆ ಸೂಚನೆ ಕೊಡಿ ಎಂದು ಅರ್ಧ ಪುಟದ ಗೋಪ್ಯ ಟಿಪ್ಪಣಿ ಬರೆದರೆ ಸಾಕು.

ಉತ್ತರ: ವಕೀಲೆ_ಧಾರವಾಡ

ಹಳೆಯ ಅಡ್ಮಿನ್ ಅವರು ಹೇಳಿದ ಕ್ರಮವನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ತಿಳಿಸಲೇಬೇಕೆಂಬ ಕಾನೂನು ಇದೆಯೇ ಎಂಬ ಪ್ರಶ್ನೆಗೆ ಉತ್ತರ ಅಪರಾಧದ ಬಗೆಯನ್ನು ಅವಲಂಬಿಸಿದೆ, ಆದ್ದರಿಂದ ತುಸು ವಿಸ್ತಾರವಾಗಿಯೇ ಬರೆಯುತ್ತೇನೆ.

ಕಂಡ ಪ್ರತಿಯೊಂದು ಅಪರಾಧವನ್ನೂ ಪೊಲೀಸರಿಗೆ ತಿಳಿಸಬೇಕೆಂಬ ಸಾಮಾನ್ಯ ಹೊಣೆಯನ್ನು ನಮ್ಮ ಕಾನೂನು ನಾಗರಿಕರ ಮೇಲೆ ಹೊರಿಸಿಲ್ಲ. ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 39ನೇ ಸೆಕ್ಷನ್, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 33ನೇ ಸೆಕ್ಷನ್, ಕೊಲೆ, ದರೋಡೆಯಂಥ ಕೆಲವು ಗುರುತರ ಅಪರಾಧಗಳ ಪಟ್ಟಿಯನ್ನು ಕೊಟ್ಟು, ಅವು ನಡೆದದ್ದು ಅಥವಾ ನಡೆಯಲಿರುವುದು ತಿಳಿದರೆ ಸಮಂಜಸ ಕಾರಣವಿಲ್ಲದೆ ಮುಚ್ಚಿಡಕೂಡದು ಎನ್ನುತ್ತದೆ. ಖಾಸಗಿ ಕಂಪನಿಯ ನೌಕರ ಸಪ್ಲೈಯರ್‌ನಿಂದ ಕಮಿಷನ್ ಪಡೆಯುವುದು ಆ ಪಟ್ಟಿಯಲ್ಲಿ ನೇರವಾಗಿ ಬರುವ ಸಂಗತಿಯಲ್ಲ. ಭ್ರಷ್ಟಾಚಾರ ತಡೆ ಕಾಯ್ದೆಯೂ ಮುಖ್ಯವಾಗಿ ಸರ್ಕಾರಿ ನೌಕರರನ್ನು ಕುರಿತದ್ದು. ಸಂಗತಿಗಳು ಸಾಬೀತಾದರೆ ಇದು ನೌಕರನಿಂದ ನಂಬಿಕೆ ದ್ರೋಹ ಅಥವಾ ವಂಚನೆ ಎನಿಸಿಕೊಳ್ಳಬಹುದು, ಆದರೆ ದೂರು ಕೊಡಬೇಕೋ ಬೇಡವೋ ಎಂದು ನಿರ್ಧರಿಸಬೇಕಾದದ್ದು ನಷ್ಟಕ್ಕೆ ಒಳಗಾದ ಕಂಪನಿ. ನೀವಾಗಿಯೇ ಠಾಣೆಗೆ ಹೋಗಬೇಕಾದ ಪ್ರಸಂಗ ಇದಲ್ಲ.

ಆದರೆ ಕಂಪನಿಯೊಳಗೆ ತಿಳಿಸುವ ಹೊಣೆ ಇದೆ ಎಂದೇ ನನ್ನ ಅಭಿಪ್ರಾಯ, ಏಕೆಂದರೆ ಉದ್ಯೋಗದಾತನ ಹಿತಕ್ಕೆ ಧಕ್ಕೆ ತರುವ ಗಂಭೀರ ಸಂಗತಿಯನ್ನು ಕೆಲಸದ ನಡುವೆಯೇ ತಿಳಿದುಕೊಂಡ ನೌಕರ ಅದನ್ನು ಬಚ್ಚಿಡುವುದು ನಿಷ್ಠೆಯ ಕರ್ತವ್ಯಕ್ಕೆ ಸಲ್ಲುವುದಿಲ್ಲ. ತಿಳಿಸಬೇಕಾದ ದಾರಿಯನ್ನು ಕೆಲವು ಕಂಪನಿಗಳಿಗೆ ಕಾನೂನೇ ಹಾಕಿಕೊಟ್ಟಿದೆ. ಕಂಪನಿಗಳ ಕಾಯ್ದೆ 2013ರ 177ನೇ ಸೆಕ್ಷನ್ ಮತ್ತು ಅದರ ಕೆಳಗಿನ 2014ರ ನಿಯಮಗಳ ಪ್ರಕಾರ, ಷೇರುಪೇಟೆಯಲ್ಲಿ ನೋಂದಾಯಿತವಾದ, ಸಾರ್ವಜನಿಕರಿಂದ ಠೇವಣಿ ಸಂಗ್ರಹಿಸುವ, ಅಥವಾ ಬ್ಯಾಂಕುಗಳು ಮತ್ತು ಸಾರ್ವಜನಿಕ ಹಣಕಾಸು ಸಂಸ್ಥೆಗಳಿಂದ 50 ಕೋಟಿ ರೂಪಾಯಿಗೂ ಹೆಚ್ಚು ಸಾಲ ಪಡೆದಿರುವ ಕಂಪನಿಗಳು ಅಕ್ರಮಗಳ ಬಗ್ಗೆ ದೂರು ಸ್ವೀಕರಿಸುವ ಜಾಗೃತ ವ್ಯವಸ್ಥೆಯನ್ನು ಇಟ್ಟುಕೊಳ್ಳಲೇಬೇಕು, ದೂರು ಕೊಟ್ಟವರು ಬಲಿಪಶುವಾಗದಂತೆ ರಕ್ಷಣೆ ಕೊಡಲೇಬೇಕು. ವಾಹನ ಬಿಡಿಭಾಗದ ಉದ್ಯಮದಲ್ಲಿ ಯಂತ್ರಗಳಿಗೆ ಸಾಲ ಮಾಡದ ಕಂಪನಿ ಅಪರೂಪ. ನಿಮ್ಮದು ಈ ಮೂರನೆಯ ಗುಂಪಿಗೆ ಸೇರಿರುವ ಸಾಧ್ಯತೆ ಚೆನ್ನಾಗಿಯೇ ಇದೆ, ವಿಚಾರಿಸಿ. ಸೇರದಿದ್ದರೆ ಹಣಕಾಸು ಮುಖ್ಯಸ್ಥರಿಗೋ ಎಂ.ಡಿ. ಅವರಿಗೋ ಮುಚ್ಚಿದ ಲಕೋಟೆಯಲ್ಲಿ ಟಿಪ್ಪಣಿ ಕೊಟ್ಟು, ಸ್ವೀಕರಿಸಿದ್ದಕ್ಕೆ ಸಹಿ ಪಡೆಯಿರಿ.

ಈಗ ನಿಮಗಿರುವ ಅಪಾಯದ ಮಾತು. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 43ನೇ ಸೆಕ್ಷನ್, ಕಂಪ್ಯೂಟರ್‌ನ ಒಡೆಯರ ಅಥವಾ ಉಸ್ತುವಾರಿ ಹೊತ್ತವರ ಅನುಮತಿಯಿಲ್ಲದೆ ಅದನ್ನು ಪ್ರವೇಶಿಸುವುದನ್ನೂ, ಅದರಿಂದ ಮಾಹಿತಿ ನಕಲು ಮಾಡಿಕೊಳ್ಳುವುದನ್ನೂ ಪರಿಹಾರ ಕೊಡಬೇಕಾದ ತಪ್ಪೆಂದು ಹೇಳುತ್ತದೆ. ಅದನ್ನೇ ಅಪ್ರಾಮಾಣಿಕವಾಗಿ ಮಾಡಿದರೆ 66ನೇ ಸೆಕ್ಷನ್ ಪ್ರಕಾರ ಮೂರು ವರ್ಷದವರೆಗೆ ಸೆರೆವಾಸ. ಅಡ್ಮಿನ್ ಪಾಸ್‌ವರ್ಡ್ ಕೈಯಲ್ಲಿರುವುದೇ ಅನುಮತಿ ಎಂದು ಹಲವರು ಭಾವಿಸುತ್ತಾರೆ. ಆ ಪಾಸ್‌ವರ್ಡ್ ಕೊಟ್ಟಿರುವುದು ವ್ಯವಸ್ಥೆಯನ್ನು ನಡೆಸಲು. ಅದನ್ನು ಬೇರೆ ಉದ್ದೇಶಕ್ಕೆ ಬಳಸಿದರೆ ಅನುಮತಿ ಮೀರಿದಿರಿ ಎಂಬ ವಾದಕ್ಕೆ ಎಡೆಯಾಗುತ್ತದೆ. 2008ರ ತಿದ್ದುಪಡಿಯಿಂದ ಸೇರಿದ 72ಎ ಸೆಕ್ಷನ್ ನಿಮ್ಮಂಥವರಿಗೆ ಇನ್ನೂ ಹತ್ತಿರದ್ದು. ಒಪ್ಪಂದದ ಅಡಿಯಲ್ಲಿ ಸೇವೆ ಒದಗಿಸುವಾಗ ಕೈಗೆ ಬಂದ ವೈಯಕ್ತಿಕ ಮಾಹಿತಿಯನ್ನು, ಇನ್ನೊಬ್ಬರಿಗೆ ಅಕ್ರಮ ನಷ್ಟ ಅಥವಾ ತನಗೆ ಅಕ್ರಮ ಲಾಭ ಉಂಟುಮಾಡುವ ಉದ್ದೇಶದಿಂದ, ಇಲ್ಲವೇ ಹಾಗಾಗಬಹುದೆಂದು ತಿಳಿದೂ ಬಹಿರಂಗಪಡಿಸಿದರೆ ಅದು ಅಪರಾಧ. ಕಂಪನಿಯ ಅಧಿಕಾರಸ್ಥರಿಗೆ ಸದುದ್ದೇಶದಿಂದ, ಅಗತ್ಯವಿರುವಷ್ಟನ್ನೇ ತಿಳಿಸಿದರೆ ಇದು ನಿಮಗೆ ಅನ್ವಯಿಸುವುದು ಕಷ್ಟ. ವಾಟ್ಸಾಪ್ ಗುಂಪಿನಲ್ಲಿ ಹಾಕಿದರೆ ಅಥವಾ ಎದುರಾಳಿ ಸಪ್ಲೈಯರ್‌ಗೆ ತಿಳಿಸಿದರೆ ಮಾತು ಬೇರೆಯೇ.

ಕಂಪನಿಯ ಮೇಲ್‌ನಲ್ಲಿ ನೌಕರನಿಗೆ ಖಾಸಗಿತನವೇ ಇಲ್ಲ ಎಂಬ ನೇಮಕಾತಿ ಪತ್ರದ ಧ್ವನಿಯನ್ನು ನಾನು ಒಪ್ಪುವುದಿಲ್ಲ. 2017ರ ಆಗಸ್ಟ್ 24ರಂದು ಪುಟ್ಟಸ್ವಾಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿತು. ಅರ್ಜಿದಾರರಾದ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳು ಎಂಬುದನ್ನು ಇಲ್ಲಿ ನೆನೆಯಬೇಕು. ಆ ಹಕ್ಕು ಮುಖ್ಯವಾಗಿ ಸರ್ಕಾರದ ವಿರುದ್ಧ ನಿಲ್ಲುವಂಥದ್ದು, ಖಾಸಗಿ ಕಂಪನಿಯ ಮೇಲೆ ನೇರವಾಗಿ ಹೇರಲು ತೊಡಕಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 7ನೇ ಸೆಕ್ಷನ್ ಕೂಡ ಉದ್ಯೋಗದ ಉದ್ದೇಶಕ್ಕೆ ಮತ್ತು ನಷ್ಟದಿಂದ ಉದ್ಯೋಗದಾತನನ್ನು ಕಾಪಾಡುವುದಕ್ಕೆ ನೌಕರನ ದತ್ತಾಂಶವನ್ನು ಒಪ್ಪಿಗೆಯಿಲ್ಲದೆ ಬಳಸಲು ಅವಕಾಶ ಕೊಡುತ್ತದೆ. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಕಾಯ್ದೆ ಹಂತಹಂತವಾಗಿ ಜಾರಿಗೆ ಬರುವಂತೆ ಏರ್ಪಾಡಾಗಿದೆ. ಆ ಅವಕಾಶ ಇರುವುದು ಕಂಪನಿಗೆ. ಕಂಪನಿಯ ಪರವಾಗಿ ತೀರ್ಮಾನ ತೆಗೆದುಕೊಳ್ಳುವ ಅಧಿಕಾರವಿಲ್ಲದ ಅಡ್ಮಿನ್‌ಗೆ ಅಲ್ಲ.

ಸಾಕ್ಷ್ಯದ ಬಗ್ಗೆ ಒಂದು ಮಾತು. ಭಾರತೀಯ ಸಾಕ್ಷ್ಯ ಅಧಿನಿಯಮ 2023ರ 63ನೇ ಸೆಕ್ಷನ್ ಅಡಿಯಲ್ಲಿ ವಿದ್ಯುನ್ಮಾನ ದಾಖಲೆಯೊಂದಿಗೆ ಸಲ್ಲಿಸುವ ಪ್ರಮಾಣಪತ್ರದಲ್ಲಿ ಕಡತದ ಹ್ಯಾಶ್ ಮೌಲ್ಯವನ್ನೂ (ಕಡತ ಬದಲಾಗಿಲ್ಲವೆಂದು ಪರೀಕ್ಷಿಸಲು ನೆರವಾಗುವ, ಬೆರಳಚ್ಚಿನಂಥ ಸಂಕೇತ) ನಮೂದಿಸಬೇಕು, ಅದರ ಒಂದು ಭಾಗಕ್ಕೆ ತಜ್ಞರ ಸಹಿಯೂ ಬೇಕು. ಕದ್ದುಮುಚ್ಚಿ ಮಾಡಿಕೊಂಡ ನಕಲುಗಳು ಇಂಥ ಪರೀಕ್ಷೆಯಲ್ಲಿ ಬಡವಾಗುತ್ತವೆ. ಆದೇಶದ ಮೇರೆಗೆ ಸರ್ವರ್‌ನಿಂದ ಹೊರತೆಗೆದು, ಆಗಲೇ ಹ್ಯಾಶ್ ದಾಖಲಿಸಿದ ಒಂದೇ ಒಂದು ಮೇಲ್ ನೂರು ಸ್ಕ್ರೀನ್‌ಶಾಟ್‌ಗಳಿಗಿಂತ ಗಟ್ಟಿ.

ಉತ್ತರ: ಲೆಕ್ಕಪತ್ರ_ವಿಭಾಗ, ಮೈಸೂರು

ನಾನು ಐಟಿಯವಳಲ್ಲ. ನಿಮ್ಮಂಥವರು ನಡೆಸುವ ಮೇಲ್ ವ್ಯವಸ್ಥೆಯನ್ನು ಬಳಸುವ ಸಾಮಾನ್ಯ ನೌಕರಳು. ಈ ಚರ್ಚೆ ಓದುತ್ತಿದ್ದಂತೆ ನನಗೆ ಕಮಿಷನ್ ಪಡೆದವರ ಬಗ್ಗೆ ಸಿಟ್ಟು ಬಂದಷ್ಟೇ ನನ್ನ ಬಗ್ಗೆ ಭಯವೂ ಆಯಿತು, ಅದನ್ನು ಮುಚ್ಚಿಡದೆ ಬರೆಯುತ್ತೇನೆ.

ಕಚೇರಿಯ ಮೇಲ್‌ನಲ್ಲಿ ಕಚೇರಿ ವಿಷಯ ಮಾತ್ರ ಬರೆಯಿರಿ ಎನ್ನುವುದು ಸುಲಭ. ರಜೆ ಕೇಳುವಾಗ ಗರ್ಭಪಾತದ ವೈದ್ಯಕೀಯ ಪತ್ರವನ್ನು ಲಗತ್ತಿಸಬೇಕಾಗುತ್ತದೆ. ವೈದ್ಯಕೀಯ ವಿಮೆಯ ಕ್ಲೇಮ್ ಅರ್ಜಿಯಲ್ಲಿ ಗಂಡನ ಮನೋರೋಗ ಚಿಕಿತ್ಸೆಯ ವಿವರ ಬರುತ್ತದೆ. ಮೇಲಧಿಕಾರಿಯ ಕಿರುಕುಳದ ಬಗ್ಗೆ ಆಂತರಿಕ ಸಮಿತಿಗೆ ಬರೆಯುವ ದೂರು ಕೂಡ ಅದೇ ಸರ್ವರ್ ಮೂಲಕವೇ ಹಾದುಹೋಗುತ್ತದೆ. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯ 16ನೇ ಸೆಕ್ಷನ್ ದೂರಿನ ವಿವರ, ದೂರುದಾರಳ ಗುರುತು, ವಿಚಾರಣೆಯ ಸಂಗತಿ ಯಾವುದನ್ನೂ ಪ್ರಕಟಿಸಕೂಡದು ಎನ್ನುತ್ತದೆ. ಇಂಥ ಮೇಲೊಂದು ನಾಳೆ ಕ್ವಾರಂಟೈನ್‌ನಲ್ಲಿ ಸಿಕ್ಕಿಕೊಂಡು ಅಡ್ಮಿನ್ ಕಣ್ಣಿಗೆ ಬಿದ್ದಾಗ, ಇದು ದುರ್ನಡತೆಯ ವಿಷಯ, ತಿಳಿಸುವುದು ನನ್ನ ಕರ್ತವ್ಯ ಎಂದು ಅವರು ಸದ್ಭಾವನೆಯಿಂದಲೇ ಎಚ್.ಆರ್. ಮುಖ್ಯಸ್ಥರ ಬಳಿ ಹೋದರೆ ಏನಾಗುತ್ತದೆ? ದೂರು ಕೊಡಬೇಕೋ ಬೇಡವೋ, ಯಾವಾಗ ಕೊಡಬೇಕು ಎಂಬ ತೀರ್ಮಾನ ಆ ಹೆಣ್ಣುಮಗಳದು. ಗೆಳತಿಗೆ ಬರೆದ ಕರಡನ್ನು ನೋಡಿದ ಅಡ್ಮಿನ್ ಅವಳ ಪರವಾಗಿ ಹೆಜ್ಜೆ ಇಡುವುದು ಅವಳಿಗೆ ಉಪಕಾರವಲ್ಲ.

ಆದ್ದರಿಂದ ಪ್ರಶ್ನೆ ಕೇಳಿದವರಲ್ಲಿ ನನ್ನ ವಿನಂತಿ ಇದು: ನಿಮ್ಮ ಈ ಒಂದು ಪ್ರಕರಣವನ್ನು ತಿಳಿಸಿ, ಅದಕ್ಕೆ ನನ್ನ ಆಕ್ಷೇಪವಿಲ್ಲ. ಅಲ್ಲಿ ವಂಚನೆಗೆ ಒಳಗಾಗುತ್ತಿರುವುದು ನಿಮ್ಮ ಕಂಪನಿಯೇ, ದರ ಸೋರಿಕೆಯಿಂದ ಆರ್ಡರ್ ಕಳೆದುಕೊಂಡ ಇನ್ನಿಬ್ಬರು ಸಪ್ಲೈಯರ್‌ಗಳೂ ಹೌದು. ಜೊತೆಗೆ, ನಿಮ್ಮ ಕೈಯಲ್ಲಿರುವ ಅಧಿಕಾರಕ್ಕೂ ಕಾವಲು ಇರಲಿ ಎಂದು ನೀವೇ ಮುಂದಾಗಿ ಕೇಳಿರಿ. ಮೇಲ್‌ಬಾಕ್ಸ್ ತೆರೆಯಲು ಇಬ್ಬರ ಒಪ್ಪಿಗೆ ಬೇಕು, ಅವರಲ್ಲಿ ಒಬ್ಬರು ಐಟಿ ವಿಭಾಗಕ್ಕೆ ಸೇರದವರಾಗಿರಬೇಕು ಎಂಬ ನಿಯಮವನ್ನೇಕೆ ಮಾಡಬಾರದು? ಅಡ್ಮಿನ್‌ಗಳ ಆಡಿಟ್ ಲಾಗನ್ನು ಅಡ್ಮಿನ್‌ಗಳೇ ನೋಡುವಂತಿದ್ದರೆ ಅದರಿಂದ ನಮಗೇನು ಭರವಸೆ? ಆಂತರಿಕ ಸಮಿತಿಯ ಮೇಲ್ ವಿಳಾಸವನ್ನು ಪ್ರಿವ್ಯೂನಿಂದ ಹೊರಗಿಡಲು ತಾಂತ್ರಿಕವಾಗಿ ಸಾಧ್ಯವಿಲ್ಲವೇ?

ರುಮೇನಿಯಾದ ಬರ್ಬುಲೆಸ್ಕು ಎಂಬ ನೌಕರನ ಪ್ರಕರಣವನ್ನು ಇಲ್ಲಿ ಉಲ್ಲೇಖಿಸಬೇಕು ಅನಿಸುತ್ತದೆ. ಗ್ರಾಹಕರೊಂದಿಗೆ ಮಾತನಾಡಲು ತೆರೆದ ಯಾಹೂ ಮೆಸೆಂಜರ್ ಖಾತೆಯಲ್ಲಿ ಆತ ತನ್ನ ಸಹೋದರನೊಂದಿಗೆ, ತಾನು ಮದುವೆಯಾಗಲಿದ್ದ ಹುಡುಗಿಯೊಂದಿಗೆ ಮಾತನಾಡಿದ್ದನ್ನು ಕಂಪನಿ ಓದಿ ಕೆಲಸದಿಂದ ತೆಗೆಯಿತು. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದ ಮಹಾಪೀಠ 2017ರ ಸೆಪ್ಟೆಂಬರ್ 5ರಂದು ತೀರ್ಪು ಕೊಟ್ಟಾಗ, ಕಂಪನಿ ಎಂಥ ನಿಯಮ ಮಾಡಿದರೂ ಕೆಲಸದ ಸ್ಥಳದಲ್ಲಿ ಮನುಷ್ಯನ ಖಾಸಗಿ ಬದುಕನ್ನು ಸೊನ್ನೆಗೆ ಇಳಿಸಲಾಗದು ಎಂದಿತು. ನಿಗಾ ಇಡುವುದಾದರೆ ಯಾವ ಮಟ್ಟದಲ್ಲಿ, ಯಾವ ಕಾರಣಕ್ಕೆ ಎಂದು ಮೊದಲೇ ತಿಳಿಸಿತ್ತೇ ಎಂಬುದನ್ನು ಪರಿಶೀಲಿಸದ ಆ ದೇಶದ ನ್ಯಾಯಾಲಯಗಳ ತೀರ್ಪನ್ನು ಒಪ್ಪಲಿಲ್ಲ. ಅದು ನಮ್ಮನ್ನು ಕಟ್ಟುವ ತೀರ್ಪಲ್ಲ ಎಂದು ಗೊತ್ತಿದೆ. ಆದರೂ ಮೊದಲೇ ತಿಳಿಸಬೇಕು ಎಂಬ ಆ ಒಂದು ತತ್ತ್ವವನ್ನು ಪಾಲಿಸಲು ಬೆಂಗಳೂರಿನ ಅಥವಾ ಮೈಸೂರಿನ ಕಂಪನಿಗೆ ಅಡ್ಡಿಯೇನಿದೆ?

ಉತ್ತರ: ಕಾಲೇಜು_ಲ್ಯಾಬ್, ಶಿವಮೊಗ್ಗ

ವಿದ್ಯಾರ್ಥಿನಿಲಯವಿರುವ ಪದವಿಪೂರ್ವ ಕಾಲೇಜಿನ ನೆಟ್‌ವರ್ಕ್ ನೋಡಿಕೊಳ್ಳುವವನು ನಾನು. ಇಲ್ಲಿಯವರೆಗಿನ ಉತ್ತರಗಳು ವಯಸ್ಕರ ವ್ಯವಹಾರಕ್ಕೆ ಸರಿಯಾಗಿವೆ. ಒಂದು ಬಗೆಯ ಅಪರಾಧಕ್ಕೆ ಇವು ಅನ್ವಯಿಸುವುದಿಲ್ಲ ಎಂಬುದನ್ನು ಮಾತ್ರ ಯಾರೂ ಒತ್ತಿ ಹೇಳಲಿಲ್ಲ: 18 ವರ್ಷ ತುಂಬದ ಮಕ್ಕಳ ಮೇಲಿನ ಲೈಂಗಿಕ ಅಪರಾಧ. 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಇಂಥ ಅಪರಾಧ ನಡೆದಿದೆಯೆಂದು ತಿಳಿದ, ಅಥವಾ ನಡೆಯಬಹುದೆಂಬ ಆತಂಕವಿರುವ ಯಾವುದೇ ವ್ಯಕ್ತಿ ವಿಶೇಷ ಬಾಲ ಪೊಲೀಸ್ ಘಟಕಕ್ಕೆ ಅಥವಾ ಸ್ಥಳೀಯ ಠಾಣೆಗೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಸೆಕ್ಷನ್ ಅಡಿ ಆರು ತಿಂಗಳವರೆಗೆ ಸೆರೆವಾಸ. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ಅಪರಾಧವನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಸದುದ್ದೇಶದಿಂದ ತಿಳಿಸಿದವರ ಮೇಲೆ ಯಾವ ಹೊಣೆಯೂ ಬರದು ಎಂದು ಅದೇ 19ನೇ ಸೆಕ್ಷನ್ ಅಭಯ ಕೊಡುತ್ತದೆ.

ಮಕ್ಕಳ ಅಶ್ಲೀಲ ಚಿತ್ರ, ವಿಡಿಯೋಗಳ ಬಗ್ಗೆ 2020ರ ಪೋಕ್ಸೊ ನಿಯಮಗಳ 11ನೇ ನಿಯಮ ನಮ್ಮ ಕೆಲಸಕ್ಕೆಂದೇ ಬರೆದಂತಿದೆ. ಇಂಥ ಸಾಮಗ್ರಿಯನ್ನು ಸ್ವೀಕರಿಸಿದವರು, ಅಥವಾ ಅದು ಎಲ್ಲಿಯಾದರೂ ಸಂಗ್ರಹವಾಗಿದೆ, ಹಂಚಿಕೆಯಾಗುತ್ತಿದೆ ಎಂದು ತಿಳಿದವರು ಪೊಲೀಸರಿಗೆ ಅಥವಾ ಕೇಂದ್ರ ಗೃಹ ಸಚಿವಾಲಯದ ಸೈಬರ್ ಕ್ರೈಮ್ ಪೋರ್ಟಲ್‌ಗೆ ವರದಿ ಮಾಡಬೇಕು, ಯಾವ ಸಾಧನದಲ್ಲಿ, ಯಾವ ವೇದಿಕೆಯಲ್ಲಿ ಅದು ಕಂಡುಬಂತು ಎಂಬ ವಿವರವೂ ವರದಿಯಲ್ಲಿರಬೇಕು. ಪ್ರಾಂಶುಪಾಲರ ಅನುಮತಿ, ಆಡಳಿತ ಮಂಡಳಿಯ ಸಭೆ ಇವುಗಳಿಗಾಗಿ ಕಾಯಲು ಇಲ್ಲಿ ಅವಕಾಶವಿಲ್ಲ. ಅವರಿಗೆ ತಿಳಿಸಿ, ಆದರೆ ಅವರು ಬೇಡವೆಂದರೂ ನಿಮ್ಮ ಹೊಣೆ ಹಾಗೆಯೇ ಉಳಿಯುತ್ತದೆ. 2024ರ ಸೆಪ್ಟೆಂಬರ್ 23ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು, ಇಂಥ ಸಾಮಗ್ರಿಯನ್ನು ಬರಿದೆ ನೋಡುವುದು, ಇಟ್ಟುಕೊಳ್ಳುವುದು ಅಪರಾಧವಲ್ಲ ಎಂದಿದ್ದ ಮದ್ರಾಸ್ ಹೈಕೋರ್ಟಿನ ಆದೇಶವನ್ನು ತಳ್ಳಿಹಾಕಿದ ಮೇಲಂತೂ ಈ ವಿಷಯದಲ್ಲಿ ಸಡಿಲಿಕೆಗೆ ಜಾಗವೇ ಇಲ್ಲ.

ಎಚ್ಚರಿಕೆಯ ಮಾತೊಂದಿದೆ. ಸಾಕ್ಷ್ಯಕ್ಕೆಂದು ಆ ಕಡತವನ್ನು ನಕಲು ಮಾಡಿಕೊಳ್ಳಬೇಡಿ, ಮೇಲಧಿಕಾರಿಗೆ ತೋರಿಸಲೆಂದು ಫಾರ್ವರ್ಡ್ ಮಾಡಬೇಡಿ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಸೆಕ್ಷನ್ ಡೌನ್‌ಲೋಡ್ ಮಾಡುವುದನ್ನೂ ಸಂಗ್ರಹಿಸುವುದನ್ನೂ ಅಪರಾಧವೆಂದೇ ಎಣಿಸುತ್ತದೆ. ಖಾತೆಯನ್ನು ಇದ್ದಲ್ಲೇ ತಡೆಹಿಡಿದು, ಲಾಗ್ ಅಳಿಯದಂತೆ ನೋಡಿಕೊಂಡು, ಜಿಲ್ಲೆಯ ಸೆನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧ) ಠಾಣೆಯವರಿಗೆ ಸರ್ವರ್ ಎಲ್ಲಿದೆ ಎಂದು ತೋರಿಸಿ. ಮುಂದಿನದನ್ನು ಅವರು ಮಾಡುತ್ತಾರೆ. ತೊಂದರೆಯಲ್ಲಿರುವ ಮಗು ಯಾರೆಂದು ನಿಮಗೆ ಗೊತ್ತಾಗಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೂ ಕರೆ ಮಾಡಿ, ಆ ಮಗುವಿನ ಹೆಸರನ್ನು ಮತ್ತಾರ ಮುಂದೆಯೂ ಎತ್ತಬೇಡಿ.

ಪ್ರತಿಕ್ರಿಯೆ: ಸರ್ವರ್_ಕೋಣೆ, ಬೆಂಗಳೂರು

ಇಷ್ಟು ತಾಳ್ಮೆಯಿಂದ ಬರೆದ ಎಲ್ಲರಿಗೂ ಕೃತಜ್ಞತೆಗಳು. ಮೇಲ್‌ಬಾಕ್ಸ್ ಹುಡುಕುವ ಯೋಚನೆಯನ್ನು ಸಹೋದ್ಯೋಗಿಯೂ ಕೈಬಿಟ್ಟಿದ್ದಾರೆ. ವಕೀಲರು ಹೇಳಿದಂತೆ ವಿಚಾರಿಸಿದಾಗ ನಮ್ಮ ಕಂಪನಿಗೂ ಜಾಗೃತ ವ್ಯವಸ್ಥೆ ಇರುವುದು ತಿಳಿಯಿತು. ವರ್ಷಗಳ ಹಿಂದೆ ಹೊರಡಿಸಿದ ಸುತ್ತೋಲೆಯಲ್ಲಿ ನಿರ್ದೇಶಕರೊಬ್ಬರನ್ನು ಹೆಸರಿಸಲಾಗಿದೆ, ನೌಕರರಲ್ಲಿ ಹೆಚ್ಚಿನವರಿಗೆ ಅದು ಗೊತ್ತೇ ಇಲ್ಲ. ಅವರ ಹೆಸರಿಗೆ ಟಿಪ್ಪಣಿ ಸಿದ್ಧಪಡಿಸಿದ್ದೇನೆ. ಲೆಕ್ಕಪತ್ರ ವಿಭಾಗದ ಮೇಡಂ ಕೇಳಿದ ಪ್ರಶ್ನೆಗೆ ಉತ್ತರ: ಸಾಧ್ಯವಿದೆ. ಆಂತರಿಕ ಸಮಿತಿಯ ವಿಳಾಸಕ್ಕೆ ಬರುವ ಮೇಲ್ ತಡೆಹಿಡಿಯಲ್ಪಟ್ಟರೆ ಅದನ್ನು ಬಿಡುಗಡೆ ಮಾಡುವ ಅಧಿಕಾರವನ್ನು ಸಮಿತಿಯ ಅಧ್ಯಕ್ಷೆಗೇ ಕೊಟ್ಟು, ನಮಗೆ ತಲೆಬರಹವೂ ಕಾಣದಂತೆ ಮಾಡಬಹುದು. ಅದಕ್ಕೊಂದು ಪ್ರಸ್ತಾವವನ್ನು ಬೇರೆಯಾಗಿ ಕಳುಹಿಸುತ್ತೇನೆ, ಎರಡು ವಿಷಯಗಳು ಒಂದೇ ಪತ್ರದಲ್ಲಿ ಬೆರೆಯುವುದು ಬೇಡ.

ಉಳಿದಿರುವ ಗೊಂದಲ ಎರಡು. ಸುಮ್ಮನಿರಿ ಎಂದ ಮ್ಯಾನೇಜರ್ ಅವರನ್ನು ದಾಟಿ ನಿರ್ದೇಶಕರಿಗೆ ಬರೆಯುವಾಗ ಅವರ ಮಾತನ್ನೂ ಟಿಪ್ಪಣಿಯಲ್ಲಿ ಸೇರಿಸಬೇಕೇ? ಕೊಟೇಶನ್‌ಗಾಗಿ ಕಾಯುತ್ತಿರುವ ಪರ್ಚೇಸ್ ಅಧಿಕಾರಿ ಟಿಕೆಟ್ ಬಗ್ಗೆ ಮತ್ತೆ ಮತ್ತೆ ಕೇಳುತ್ತಿದ್ದಾರೆ, ಅವರಿಗೆ ಏನೆಂದು ಉತ್ತರಿಸಲಿ?

ಉತ್ತರ: ವಕೀಲೆ_ಧಾರವಾಡ

ಇಂಥ ದಿನ ಮ್ಯಾನೇಜರ್ ಅವರ ಗಮನಕ್ಕೆ ಬಾಯಿಮಾತಿನಲ್ಲಿ ತಂದಿದ್ದೇನೆ ಎಂದಷ್ಟೇ ಬರೆಯಿರಿ. ಅವರು ಏನೆಂದರು ಎಂಬುದನ್ನು ನಿರ್ದೇಶಕರು ಕೇಳಿದರೆ ಆಗ ಇದ್ದದ್ದನ್ನು ಇದ್ದಂತೆ ಹೇಳಿ. ಅವರ ಉದ್ದೇಶದ ಬಗ್ಗೆ ನಿಮ್ಮ ಊಹೆ ಟಿಪ್ಪಣಿಯಲ್ಲಿ ಬೇಡ. ಪರ್ಚೇಸ್ ಅಧಿಕಾರಿಯ ವಿಷಯದಲ್ಲೂ ಅಷ್ಟೇ: ಆ ಮೇಲ್‌ನಲ್ಲಿರುವುದು ಅಪರಾಧ ಎಂದು ಬರೆಯಬೇಡಿ, ಮೇಲ್‌ನಲ್ಲಿ ಕಂಡದ್ದು ಇದು, ಇದರ ಸತ್ಯಾಸತ್ಯತೆ ನನಗೆ ತಿಳಿದಿಲ್ಲ ಎಂದು ಬರೆಯಿರಿ. ಅಮಾಯಕರ ಹೆಸರಿಗೆ ಮಸಿ ಬಳಿಯಲೆಂದೇ ಸಪ್ಲೈಯರ್ ಒಬ್ಬ ಇಂಥ ಮೇಲ್ ಕಳುಹಿಸುವುದು ಅಸಂಭವವೇನಲ್ಲ, ಅವರಿಗೂ ತಮ್ಮ ಮಾತು ಹೇಳಿಕೊಳ್ಳುವ ಅವಕಾಶ ಉಳಿಯಬೇಕು.

ಉತ್ತರ: ಹಳೆಯ_ಅಡ್ಮಿನ್, ಮಂಗಳೂರು

ಟಿಕೆಟ್‌ನ ಬಗ್ಗೆ ನಾನು ಹೇಳುತ್ತೇನೆ. ಸುಳ್ಳು ಹೇಳಬೇಡಿ. ಮ್ಯಾಕ್ರೋ ಇರುವ ಎಕ್ಸೆಲ್ ಕಡತವನ್ನು ಫಿಲ್ಟರ್ ತಡೆದಿದೆ ಎಂಬುದು ನಿಜ, ಆ ನಿಜವನ್ನೇ ಟಿಕೆಟ್‌ನಲ್ಲಿ ಉತ್ತರವಾಗಿ ಬರೆಯಿರಿ. ಪರಿಶೀಲನೆ ಮುಗಿದಿಲ್ಲ ಎಂದು ಸೇರಿಸಿ. ಬಿಡುಗಡೆ ಮಾಡಬೇಕೋ, ತಡೆದಿಡಬೇಕೋ ಎಂಬ ಆದೇಶ ನಿರ್ದೇಶಕರಿಂದ ಬರಲಿ. ಬಿಡುಗಡೆ ಮಾಡಿ ಎಂದರೆ, ಪ್ರತಿಯನ್ನು ಹಿಡಿದಿಟ್ಟ ಮೇಲೆ ಬಿಡುಗಡೆ ಮಾಡಿ ಟಿಕೆಟ್ ಮುಚ್ಚಿ. ನಾಳೆ ಬೆಳಿಗ್ಗೆಯೇ ಟಿಪ್ಪಣಿ ತಲುಪಿಸಿರಿ, ಕ್ವಾರಂಟೈನ್‌ನ ಅವಧಿ ನಿಮಗಾಗಿ ನಿಲ್ಲುವುದಿಲ್ಲ.